ಕುದುರೆಮರಿ ಬರಿಬಾಯಿ ಆಡಿಸುವುದೇಕೆ?

ಲೋಕ ಆಗಷ್ಟೇ ಹುಟ್ಟಿತ್ತು. ಗುಡ್ಡಗಳು ಇನ್ನೂ ತಮ್ಮ ತಮ್ಮ ಜಾಗ ಹುಡುಕಿಕೊಂಡು ಕೂರುತ್ತಿದ್ದವು. ಆಗ ಗಾಳಿಗೂ ಮಾತು ಬರುತ್ತಿತ್ತು, ಹಳ್ಳಕ್ಕೂ ಬರುತ್ತಿತ್ತು. ಕುದುರೆಗಳಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಆ ಕಾಲದಲ್ಲಿ ಮಾಳವ್ವ ಎಂಬ ಕುರಿಗಾರ್ತಿ ಇದ್ದಳು. ಅವಳು ಹುಲ್ಲು ಹುಡುಕಿಕೊಂಡು ಹೊರಟರೆ ಹಿಂದೆ ಕುರಿಹಿಂಡು, ಅದರ ಹಿಂದೆ ಗಂಟುಮೂಟೆ ಹೊತ್ತ ತಟ್ಟುಕುದುರೆಗಳು. ಆ ತಟ್ಟುಗಳಲ್ಲಿ ಬೂದುಬಣ್ಣದ ಬೂದವ್ವ ಹಿರಿಯಳು. ಅವಳ ಮರಿಯೇ ಕೆಂದ.

ಕೆಂಪು ಮೈ, ಹಣೆಯ ಮೇಲೊಂದು ಬಿಳಿ ಬೊಟ್ಟು. ಮುದ್ದು ಅಂದರೆ ಮುದ್ದು. ತೊಂದರೆಯಾಗಿದ್ದೇ ಅದರಿಂದ.

ಒಂದು ದಿನ ಕೆಂದ ಮಾಳವ್ವನ ಹೆಗಲಿಗೆ ಮೂತಿ ಒತ್ತಿದ. "ಅಯ್ಯ ನನ್ನ ಬಂಗಾರ, ಹಸದೈತೇನು?" ಎಂದು ಅವಳು ನಕ್ಕು, ಹಿಂದೆ ಸರಿದು, ರೊಟ್ಟಿ ಚೂರು ಕೊಟ್ಟಳು. ಮರುದಿನ ಮೈಯಿಂದ ನೂಕಿದ. ನಕ್ಕಳು, ಹಿಂದೆ ಸರಿದಳು, ಕೊಟ್ಟಳು. ಇನ್ನೊಂದು ದಿನ ಮೊಣಕೈ ಕಚ್ಚಿದ. "ಯವ್ವಾ!" ಎಂದಳು. ಆಮೇಲೆ ನಕ್ಕಳು, ಹಿಂದೆ ಸರಿದಳು, ಕೊಟ್ಟಳು.

"ಓಹೋ, ನಾನು ನೂಕಿದರೆ ಲೋಕವೇ ಹಿಂದೆ ಸರಿಯುತ್ತದೆ" ಎಂದುಕೊಂಡ ಕೆಂದ.

ಕುರಿಗಳನ್ನು ನೂಕಿದ, ಸರಿದವು. ನಾಯಿಯನ್ನು ನೂಕಿದ, ಅದೂ ಸರಿಯಿತು. ಹಳ್ಳಕ್ಕಿಳಿದು ಕುಣಿದ. "ಕಲಕಬ್ಯಾಡೋ ತಮ್ಮಾ" ಎಂದಿತು ಹಳ್ಳ. "ಬೇಕಾದರೆ ನೀನೇ ಆ ಕಡೆ ಹರಿ" ಎಂದ. ಎಂಥ ಸೊಕ್ಕು ನೋಡಿ! ಬೂದವ್ವ ನೋಡಿದಳು. ಇನ್ನೂ ಸಣ್ಣದು, ಇರಲಿ ಎಂದು ಸುಮ್ಮನಾದಳು.

ಒಂದು ಬೆಳಿಗ್ಗೆ ಮಾಳವ್ವನ ಮಗಳು ನಿಂಬಿ ಒಲೆಯ ಹತ್ತಿರ ರೊಟ್ಟಿ ತಿನ್ನುತ್ತ ನಿಂತಿದ್ದಳು. ಆಗಿನ್ನೂ ನಡೆಯಲು ಕಲಿತಿದ್ದ ಕೂಸು. ಕೆಂದ ಬಂದವನೇ ನೂಕಿದ.

ನಿಂಬಿ ಹಿಂದೆ ಸರಿಯಲಿಲ್ಲ. ಬಿದ್ದುಬಿಟ್ಟಳು. ಪುಟ್ಟ ಅಂಗೈ ಕೆಂಡದ ಮೇಲೆ ಬಿತ್ತು.

ಅವಳು ಚೀರಿದ್ದಕ್ಕೆ ಬೀಸುತ್ತಿದ್ದ ಗಾಳಿ ನಿಂತೇಹೋಯಿತು. ಮಾಳವ್ವ ಕೂಸನ್ನು ಬಾಚಿಕೊಂಡು ಕೈಯನ್ನು ನೀರಿನಲ್ಲಿ ಅದ್ದಿದಳು. ಕೆಂದನ ಬಾಯಲ್ಲಿ ನಿಂಬಿಯಿಂದ ಕಸಿದ ರೊಟ್ಟಿ ಇತ್ತು. ಅಗಿಯಲು ಆಗಲಿಲ್ಲ. ಬೀಳುವವರೂ ಇರುತ್ತಾರೆಂದು ಅವನಿಗೆ ಗೊತ್ತೇ ಇರಲಿಲ್ಲ.

ಮಾಳವ್ವ ಕೋಲು ಎತ್ತಿಕೊಂಡಳು. ಬೂದವ್ವ ಅಡ್ಡ ಬಂದಳು. "ಕೋಲು ಇಡು, ಮಾಳವ್ವ. ನೀ ಹಿಂದ ಸರಿದಿ, ನಾ ಸುಮ್ಮನಿದ್ದೆ. ಇನ್ನ ನಾ ನೋಡ್ಕೋತೀನಿ."

ಹಾಗೆಂದವಳೇ ತಿರುಗಿದಳು. ಕಿವಿ ಹಿಂದಕ್ಕೆ ಅಂಟಿಸಿ, ಹಲ್ಲು ಕಿರಿದು, ಹೆತ್ತ ಮಗನ ಮೇಲೇ ಏರಿಹೋದಳು!

ಕೆಂದ ಹೌಹಾರಿದ. ಬಾಯಿಂದ ರೊಟ್ಟಿ ಬಿತ್ತು. ಹುಟ್ಟಿದಂದು ಮೈಯೆಲ್ಲ ನೆಕ್ಕಿದ ಅವ್ವ ಇವಳೇನಾ? ಅವಳು ಅಟ್ಟುತ್ತಲೇ ಹೋದಳು. ಹಿಂಡು ದಾಟಿ, ಜಾಲಿಮರ ದಾಟಿ, ಬಯಲಿನ ಕೊನೆಗೆ ಅಟ್ಟಿ ನಿಲ್ಲಿಸಿದಳು.

"ಆ ಹಿಂಡು ನನ್ನ ಜಾಗ! ಒದೀತೀನಿ! ಕಚ್ಚತೀನಿ!" ಎಂದು ಕೆಂದ ಕೂಗಾಡಿದ. ಅವನು ಎಡಕ್ಕೆ ಬಂದರೆ ಬೂದವ್ವ ಎಡಕ್ಕೆ ನಿಂತಳು, ಬಲಕ್ಕೆ ಬಂದರೆ ಬಲಕ್ಕೆ ನಿಂತಳು. ಒಂದಿಂಚೂ ಹಿಂದೆ ಸರಿಯಲಿಲ್ಲ.

ಹೊತ್ತು ಇಳಿಯಿತು. ಗುಡ್ಡದಾಚೆ ತೋಳ ಊಳಿಟ್ಟಿತು. ಕೆಂದ ಗಾಳಿಯನ್ನು ಕರೆದ.

"ಗಾಳಿಯಣ್ಣಾ, ನೀನಾದರೂ ಹತ್ತಿರ ಬಾ."

"ಬರತೀನಿ. ಆದ್ರ ನಿನ್ನ ವಾಸನಿ ತೋಳದ ಕಡೆ ಒಯ್ಯತೀನಿ, ನಡೀತದೇನು?" ಎಂದಿತು ಗಾಳಿ.

ಅವನಿಗೆ ಅಳು ಬಂತು. ಅವ್ವ ಇಷ್ಟು ಹತ್ತಿರವಿದ್ದೂ ತಾನು ಒಬ್ಬನೇ! ತಲೆ ತಗ್ಗಿಸಿ, ಕತ್ತು ಚಾಚಿ, ಮೆಲ್ಲಗೆ ಅವಳ ಕಡೆ ಬಂದ. ತಪ್ಪಾಯಿತು ಎನ್ನಬೇಕು. ಮಾತು ಹೊರಡಲಿಲ್ಲ. ತುಟಿ ಮಾತ್ರ ಆಡಿದವು. ಚಪ್, ಚಪ್, ಚಪ್. ಹುಟ್ಟಿದ ದಿನ ಹಾಲು ಹುಡುಕುತ್ತ ಬಾಯಾಡಿಸಿದ್ದನಲ್ಲ, ಥೇಟ್ ಹಾಗೆಯೇ.

ಆ ಸದ್ದು ಕೇಳಿ ಬೂದವ್ವನ ಕೆಚ್ಚಲು ಜುಮ್ಮೆಂದಿತು. ಕಿವಿ ಮುಂದಕ್ಕೆ ಬಂದವು. ಪಕ್ಕಕ್ಕೆ ತಿರುಗಿ ದಾರಿ ಬಿಟ್ಟಳು. ಕೆಂದ ಓಡಿಬಂದು ಅವಳ ಹೊಟ್ಟೆಗೆ ಆತು ನಿಂತ.

ಮರುದಿನ ನಿಂಬಿ ಕೈಗೆ ಬಟ್ಟೆ ಸುತ್ತಿಕೊಂಡು ಅವ್ವನ ಪಕ್ಕ ಕೂತಿದ್ದಳು. ಕೆಂದ ಬಂದ. ಮಾಳವ್ವ ಈ ಸಲ ನಗಲಿಲ್ಲ, ಸರಿಯಲೂ ಇಲ್ಲ. ನಿಂಬಿ ಹೆದರಿ ಅವ್ವನ ಸೆರಗು ಹಿಡಿದಳು.

ಅವಳ ಭಯ ಕಂಡು ಕೆಂದ ಅಲ್ಲೇ ನಿಂತ. ಲೋಕವನ್ನೇ ನೂಕುತ್ತಿದ್ದವನು ತಾನೇ ಹಿಂದೆ ಸರಿದ. ತಲೆ ತಗ್ಗಿಸಿದ. ಚಪ್, ಚಪ್, ಚಪ್.

ನಿಂಬಿ ಬಗ್ಗಿ ಅವನ ಬಾಯಿ ನೋಡಿದಳು. ಸುಟ್ಟ ಕೈ ಎದೆಗೆ ಒತ್ತಿಕೊಂಡೇ ನಕ್ಕಳು. "ಯವ್ವಾ, ಕೆಂದಾನೂ ಕೂಸು!"

ಕಾಲ ಉರುಳಿದಂತೆ ಕುದುರೆಗಳ ಮಾತು ನಿಂತುಹೋಯಿತು. ಚಪ್ ಚಪ್ ಎಂಬ ಆ ಒಂದು ಮಾತು ಮಾತ್ರ ಮರಿಗಳ ಬಾಯಲ್ಲಿ ಉಳಿಯಿತು. ಇವತ್ತಿಗೂ ದೊಡ್ಡ ಕುದುರೆ ಎದುರಾದರೆ ಮರಿಕುದುರೆ ಕತ್ತು ಚಾಚಿ ಬರಿಬಾಯಿ ಆಡಿಸುತ್ತದೆ. ಅದಕ್ಕೆ ಹಸಿವಾಗಿರುವುದಿಲ್ಲ, "ನಾನಿನ್ನೂ ಸಣ್ಣವನು, ನನ್ನನ್ನು ಹೊರಗೆ ಅಟ್ಟಬೇಡಿ" ಎಂದು ಕೇಳಿಕೊಳ್ಳುತ್ತಿರುತ್ತದೆ.