ಏರಿನಲ್ಲಿ ಇಳಿದ ಬೆಲೆ

ಹನ್ನೆರಡು ಮೂಟೆ ಕಡಲೆಕಾಯಿ ಕೊಟ್ಟರೆ ಹೊಸ ಪಿಕಪ್ ನಿಮ್ಮದು ಎಂದಿತು ನರಿ. ಹೊರೆ ಹೊತ್ತೇ ವ್ಯಾಪಾರ ಕಲಿತಿದ್ದ ಮುದಿ ಕತ್ತೆ ಆ ಮೂಟೆಗಳನ್ನೇ ಗಾಡಿಗೆ ಹೇರಿಸಿತು. "ನಿನ್ನ ಮನೆಯ ಏರು ಹತ್ತಿಸು ನರಿಯಪ್ಪ. ನಡುವೆ ನಿಲ್ಲಿಸಿ ಮತ್ತೆ ಹೊರಡಿಸು, ನೋಡೋಣ."

ನಡು ಏರಿನಲ್ಲಿ ನಿಲ್ಲಿಸಿದ ನರಿ ಸೆಕೆಂಡ್ ಗೇರ್ ಹಾಕಿತು.

"ಫಸ್ಟ್ ಬೇಡವೇ?"

"ಅದು ಎತ್ತಿನಗಾಡಿ ಬಿಟ್ಟು ಬಂದವರಿಗೆ, ಯಜಮಾನರೇ."

ಎಂಜಿನ್ ಗಕ್ಕನೆ ನಿಂತಿತು. ಮತ್ತೆ ಮತ್ತೆ ಅದೇ ಆಯಿತು. ಈಗ ಫಸ್ಟ್ ಹಾಕಿದರೆ ಮಾನ ಹೋಗುತ್ತದೆಂದು ನರಿ, "ಭಾರ ಜಾಸ್ತಿ. ಇದು ಎಂಟು ಮೂಟೆಯ ಗಾಡಿ" ಎಂದುಬಿಟ್ಟಿತು.

"ಹಾಗಾದರೆ ಬೆಲೆಯೂ ಎಂಟೇ ಮೂಟೆ."

ನರಿ ಒಪ್ಪಿ ತಲೆಯಾಡಿಸಿತು. ಕತ್ತೆ ಸ್ಟೇರಿಂಗ್ ಹಿಡಿದು, ಫಸ್ಟ್ ಗೇರ್ ಹಾಕಿ, ಹನ್ನೆರಡೂ ಮೂಟೆ ಸಮೇತ ಏರು ಹತ್ತಿ, ನರಿಯ ಮನೆ ಮುಂದೆ ಎಂಟನ್ನು ಇಳಿಸಿತು. ಗಿಟ್ಟಿದ್ದು ಹೊಸ ಪಿಕಪ್ ಒಂದು, ಅದರಲ್ಲೇ ಮನೆಗೆ ಮರಳಿದ ಮೂಟೆ ನಾಲ್ಕು.