ರಬ್ಬಿ ಬಿಟ್ಟು ಓದಿದ ಸಾಲು

“ಗುರುಗಳೇ, ‘ಮಠ ಇನ್ನು ನಿನ್ನದು, ನಾನು ಯಾತ್ರೆಗೆ ಹೊರಟೆ’ ಎಂದು ಹೋದ ವರ್ಷವೂ ಹೇಳಿದಿರಿ, ಅದರ ಹಿಂದಿನ ವರ್ಷವೂ ಹೇಳಿದಿರಿ. ಹೊರಡಲಿಲ್ಲ. ಗುರುವಾದವನಿಗೆ ಹೊರಡುವ ಹೊತ್ತು ಬಂತೆಂದು ತಿಳಿಯುವುದು ಹೇಗೆ?”

ಬೆಳಗಿನ ಪಾರಾಯಣ ಆಗಷ್ಟೇ ಮುಗಿದಿತ್ತು. ಗುರುಗಳು ಗ್ರಂಥಕ್ಕೆ ವಸ್ತ್ರ ಸುತ್ತಿಟ್ಟು, “ಕೂತುಕೋ” ಎಂದರು. ಶಿಷ್ಯ ಕೂತ. ಗುರುಗಳು ಹೇಳತೊಡಗಿದರು.

ಕಡಲ ದಂಡೆಯ ಮೇಲೆ ಒಂದು ಊರು. ಅಲ್ಲಿ ಎಣ್ಣೆಗಾಣದ ಕಸುಬಿನ ಯೆಹೂದ್ಯರಿದ್ದರು. ಶನಿವಾರ ಬಂತೆಂದರೆ ಎತ್ತಿನ ಹೆಗಲಿಂದ ನೊಗ ಇಳಿಸಿ, ಒಲೆಗೆ ಬೆಂಕಿ ಹಾಕದೆ, ಒಂದು ಗಂಟು ಕೂಡ ಬಿಗಿಯದೆ ದೇವರ ದಿನವೆಂದು ಪಾಲಿಸುವರು. ಹಿರಿಯರಿಂದ ಅವರಿಗೆ ಉಳಿದು ಬಂದದ್ದು ಅಷ್ಟೇ. ಮಂದಿರದಲ್ಲಿ ಧರ್ಮಗ್ರಂಥದ ಸುರುಳಿಯೊಂದಿತ್ತು, ಓದಬಲ್ಲವರಿರಲಿಲ್ಲ. ವಾರಕ್ಕೊಮ್ಮೆ ಹೊರತೆಗೆದು, ಮುತ್ತಿಟ್ಟು, ಮತ್ತೆ ಒಳಗಿಡುತ್ತಿದ್ದರು.

ಅಂಥ ಊರಿಗೆ ದೂರದಿಂದ ಒಬ್ಬ ರಬ್ಬಿ ಬಂದರು. ರಬ್ಬಿ ಎಂದರೆ ಅವರಲ್ಲಿ ಗುರು. ಜೊತೆಗೆ ಬಂದ ಹೆಂಡತಿ ಸಿಪ್ಪೋರಾ ಆಗಿನ್ನೂ ಹೊಸ ಮದುವಣಗಿತ್ತಿ. ಅವರ ಹೆಣ್ಣುಮಕ್ಕಳು ಹುಟ್ಟಿದ್ದು, ಬೆಳೆದದ್ದು ಎಲ್ಲ ಅದೇ ಊರಿನಲ್ಲಿ. ಪ್ರತಿ ಶುಕ್ರವಾರ ಅವಳು ರೊಟ್ಟಿಯ ಹಿಟ್ಟು ನಾದುವಾಗ ಗಂಡ ಪಕ್ಕದಲ್ಲಿ ಕೂತು ಮರುದಿನದ ಭಾಗವನ್ನು ಓದಿಕೊಳ್ಳುವರು. ಕೇಳಿ ಕೇಳಿ ಅವಳಿಗೂ ಬಾಯಿಪಾಠವಾಯಿತು. ರಬ್ಬಿ ಊರಿನ ಒಬ್ಬೊಬ್ಬರಿಗೂ ಅಕ್ಷರ ತಿದ್ದಿಸಿದರು. ಗಾಣದ ಸದ್ದಿನ ಜೊತೆಗೆ ಓದಿನ ಸದ್ದೂ ಕೇಳತೊಡಗಿತು.

ಅವರ ಮಂದಿರಗಳಲ್ಲಿ ಒಂದು ಕಟ್ಟಳೆ. ಸುರುಳಿ ಓದುವವನು ಎಡವಿದರೆ, ಕೇಳುವವರು ಅಲ್ಲೇ ಕೂಗಿ ತಿದ್ದಬೇಕು. ಓದುವವನು ಹಿಂದಕ್ಕೆ ಹೋಗಿ ಮತ್ತೆ ಓದಬೇಕು. ಅದರಲ್ಲಿ ಅವಮಾನವಿಲ್ಲ, ಸುಮ್ಮನಿರುವುದೇ ತಪ್ಪು. ಇದನ್ನು ರಬ್ಬಿ ಎಷ್ಟು ಸಲ ಹೇಳಿದರೂ ಊರವರ ಕಿವಿಗೆ ಹೋಗಲಿಲ್ಲ. “ನಮ್ಮ ಗುರುಗಳು ತಪ್ಪು ಓದ್ತಾರಾ? ತಪ್ಪಿದ್ದರೆ ಆ ಸುರುಳಿಯಲ್ಲೇ ಇರಬೇಕು” ಎಂದು ಮುದುಕ ಹಸಾಜಿ ನಗಿಸುತ್ತಿದ್ದ. ಅವನು ಊರಿನ ಹಿರಿಯ ಗಾಣದವನು. ಎಲ್ಲರೂ ನಗುತ್ತಿದ್ದರು. ರಬ್ಬಿ ನಗುತ್ತಿರಲಿಲ್ಲ.

ಮನೆಗೆ ಬಂದು ಹೆಂಡತಿಯ ಮುಂದೆ ಹೇಳಿಕೊಳ್ಳುವರು: “ಇವತ್ತೂ ಒಂದು ಪದ ಜಾರಿತು. ಒಬ್ಬರೂ ಬಾಯಿ ಬಿಡಲಿಲ್ಲ. ಗೊತ್ತಿಲ್ಲದೆ ಸುಮ್ಮನಿದ್ದಾರೋ, ಗೊತ್ತಿದ್ದೂ ಸುಮ್ಮನಿದ್ದಾರೋ ತಿಳಿಯದು. ಯಾವುದಾದರೂ ಒಂದೇ. ನಾನು ಹೋದ ದಿನ ಆ ಸುರುಳಿಯೂ ಕಪಾಟು ಸೇರುತ್ತದೆ.”

ಹೀಗಿರುವಾಗ ಕಡಲಾಚೆಯ ಇನ್ನೊಂದು ಊರಿನವರು ಬಂದು ಕೈಮುಗಿದರು. ಅಲ್ಲಿಯೂ ಓದುವವರಿಲ್ಲ; ಬರಬೇಕು ಎಂದರು. ರಬ್ಬಿ ಹೊರಡುತ್ತಾರೆಂದು ಊರೆಲ್ಲ ಸುದ್ದಿಯಾಯಿತು. ಭಾನುವಾರಕ್ಕೆ ಹಡಗು ನಿಂತಿತ್ತು. ಸಿಪ್ಪೋರಾ ಪೆಟ್ಟಿಗೆಗಳನ್ನು ತುಂಬಿದಳು, ಹಗ್ಗ ಮಾತ್ರ ಬಿಗಿಯಲಿಲ್ಲ.

“ಇವರನ್ನು ಹೀಗೆ ಬಿಟ್ಟು ಹೋಗೋದಾ? ನಾವು ಇಷ್ಟು ವರ್ಷ ಪಟ್ಟದ್ದೆಲ್ಲ ನೀರಿನಲ್ಲಿ ಹೋಮವಾಗಲ್ವಾ?” ಎಂದಳು.

“ನನಗೂ ಅದೇ ಭಯ. ಶನಿವಾರದ ಓದು ಮುಗಿಯಲಿ. ಆಮೇಲೆ ಹಗ್ಗದ ಮಾತು” ಎಂದರು ರಬ್ಬಿ.

ಶನಿವಾರ ಮಂದಿರ ತುಂಬಿತು. ಸಿಪ್ಪೋರಾ ಹೆಂಗಸರ ನಡುವೆ ಜಾಲರಿಯ ಹಿಂದೆ ಕೂತಳು. ಗಂಡನ ದನಿ ಎಂದಿನಂತೆ ಏರಿತು, ಇಳಿಯಿತು. ನಡುವೆ ಅವರು ತಲೆಯೆತ್ತಿ ಒಮ್ಮೆ ಜನರನ್ನು ನೋಡಿದರು. ಕಣ್ಣು ಮಂಜಾಯಿತು. ಮತ್ತೆ ಸುರುಳಿಗೆ ಬಗ್ಗಿದಾಗ ಒಂದು ಇಡೀ ಸಾಲು ದಾಟಿ ಮುಂದಕ್ಕೆ ಹೋದರು.

ಸಿಪ್ಪೋರಾಳಿಗೆ ಅದು ಕೂಡಲೇ ತಿಳಿಯಿತು. ಇನ್ನೇನು, ಇದೂ ಹಾಗೇ ಮುಚ್ಚಿಹೋಗುತ್ತದೆ ಎಂದುಕೊಂಡಳು.

“ನಿಲ್ಲಿ!”

ಹಸಾಜಿ ಎದ್ದು ನಿಂತಿದ್ದ. ಬಿಟ್ಟುಹೋದ ಸಾಲನ್ನು ಗಾಣದ ಎತ್ತನ್ನು ಕೂಗುವ ಆ ಒರಟು ದನಿಯಲ್ಲೇ ಹೇಳಿದ. ಅವನ ಪಕ್ಕದವನು ಅದನ್ನೇ ಹೇಳಿದ. ಹಿಂದಿನವರು ಹೇಳಿದರು. ಜಾಲರಿಯ ಈಚೆಯಿಂದ ಹೆಂಗಸರೂ ಹೇಳಿದರು. ಮಂದಿರದ ಗೋಡೆ ಅದುರಿತು. ಹೊರಡುವ ಗುರುವಿಗೆ ತುಂಬಿದ ಸಭೆಯಲ್ಲಿ ಇಂಥ ಮುಖಭಂಗವೇ ಎಂದು ಸಿಪ್ಪೋರಾ ತಲೆ ತಗ್ಗಿಸಿದಳು. ಮತ್ತೆ ನೋಡಿದಾಗ ಗಂಡನ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ಗಾಬರಿಯಾದಳು. ಅವರು ನಗುತ್ತಿದ್ದರು. ನಗುತ್ತಲೇ ಹಿಂದಕ್ಕೆ ಹೋಗಿ ಆ ಸಾಲನ್ನು ಓದಿದರು. ಯಾವ ಹಬ್ಬದಲ್ಲೂ ಆ ದನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ಅವಳು ಕೇಳಿರಲಿಲ್ಲ.

ಓದು ಮುಗಿದ ಮೇಲೆ ಹಸಾಜಿ ಕೈ ಹಿಸುಕಿಕೊಳ್ಳುತ್ತ ಬಂದ.

“ತಪ್ಪಾಯ್ತು ಗುರುಗಳೇ. ನೀವು ಹೋದಮೇಲೆ ತಿದ್ದುವವರು ಯಾರು ಅಂತ ಹೊಳೀತು. ಇವತ್ತು ತಪ್ಪು ಕೂತರೆ ಮಕ್ಕಳ ಬಾಯಲ್ಲಿ ತಪ್ಪೇ ನಿಲ್ಲುತ್ತೆ ಅನ್ನಿಸಿತು. ಬಾಯಿ ತಡೆಯಲಿಲ್ಲ.”

ರಬ್ಬಿ ಅವನನ್ನು ಬಾಚಿ ತಬ್ಬಿಕೊಂಡರು. “ಈ ಒಂದು ಕೂಗಿಗಾಗಿ ನನ್ನ ಗಡ್ಡ ಬೆಳ್ಳಗಾಯಿತಲ್ಲೋ ಮಾರಾಯ! ಇಷ್ಟು ತಡ ಮಾಡುವುದೇ?” ಆಮೇಲೆ ಹೆಂಡತಿಯ ಕಡೆಗೆ ತಿರುಗಿ, “ನಕ್ಷತ್ರ ಮೂಡಲಿ. ಹಗ್ಗ ಬಿಗಿದುಬಿಡು” ಎಂದರು.

ನಕ್ಷತ್ರ ಮೂಡಿ ದೇವರ ದಿನ ಮುಗಿಯಿತು. ಸಿಪ್ಪೋರಾ ಹಗ್ಗ ಬಿಗಿದಳು.

ಭಾನುವಾರ ಒಂದು ಗಾಣವೂ ತಿರುಗಲಿಲ್ಲ. ಪೆಟ್ಟಿಗೆಗಳನ್ನು ಗಂಡಸರು ಹೆಗಲ ಮೇಲೆ ಹೊತ್ತರು. ಹೆಂಗಸರು ಸಿಪ್ಪೋರಾಳ ಹೆಣ್ಣುಮಕ್ಕಳ ಜಡೆಗೆ ಹೊಸ ಎಣ್ಣೆ ಹಚ್ಚಿ, ಹಾಡುತ್ತ ದಂಡೆಯವರೆಗೂ ಬಂದರು. ಹಡಗು ಬಿಟ್ಟಿತು. ದಂಡೆಯ ಮೇಲೆ ಹಸಾಜಿ ಆ ಸಾಲನ್ನು ಎತ್ತಿ ಹೇಳಿದ. ಊರೇ ಅದನ್ನು ಹೇಳಿತು. ನೀರಿನ ಮೇಲೆ ಬಹಳ ದೂರದವರೆಗೆ ಅದು ಕೇಳುತ್ತಿತ್ತು. ಸಿಪ್ಪೋರಾ ಕಿವಿಗೊಟ್ಟು ಕೇಳಿದಳು. ತಿದ್ದುವಂಥದ್ದು ಒಂದೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಎಂಥ ಪುಣ್ಯವಂತ ಗುರು!” ಎಂದ ಶಿಷ್ಯ.

ಗುರುಗಳು ಅವನ ಮುಖ ನೋಡಿ ಹೇಳಿದರು: “ಇವತ್ತಿನ ಪಾರಾಯಣದಲ್ಲಿ ನಾನೂ ಒಂದು ಸಾಲು ಬಿಟ್ಟೆ, ನಿನಗದು ಗೊತ್ತಾಗಿತ್ತು, ಅಲ್ಲವೇನಯ್ಯ?”