ಮೆರುಗಿನ ಮಣೆ

“ಗುರುಗಳೇ, ಎಷ್ಟು ತಿದ್ದಿದರೂ ಸರಿಹೋಗದವರನ್ನು ಏನು ಮಾಡಬೇಕು?”

ಕೇಳಿದವನು ಮಠದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಶಿಷ್ಯ ನಿರ್ವಾಣಪ್ಪ. ಅವನ ತರಗತಿಯಲ್ಲಿ ಮುಂದಿನ ಸಾಲಿನ ಮಕ್ಕಳು ಚೆನ್ನಾಗಿ ಕಲಿಯುತ್ತಿದ್ದರು. ಹಿಂದಿನ ಸಾಲಿನವರಿಗೆ ಏನೂ ತಲೆಗೆ ಹತ್ತುತ್ತಿರಲಿಲ್ಲ. ಅವರನ್ನು ಶಾಲೆ ಬಿಡಿಸಿ ಮನೆಗೆ ಕಳಿಸಲು ಅಪ್ಪಣೆ ಬೇಡಿ ಬಂದಿದ್ದ.

“ಅಪ್ಪಣೆ ಆಮೇಲೆ. ಮೊದಲು ಕೂತುಕೋ” ಎಂದು ಗುರುಗಳು ಈ ಕತೆ ಹೇಳಿದರು.

ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನ ಹೆಂಡತಿಗೆ ಓದುವ ಹುಚ್ಚು. ಅಂಥವಳಿಗೆ ಕಣ್ಣಿನ ಕಾಯಿಲೆ ಬಂತು. ದೃಷ್ಟಿ ಕುಂದುತ್ತ ಹೋಗುತ್ತದೆ, ಕೊನೆಗೆ ಉಳಿಯುವುದಿಲ್ಲ ಎಂದರು ವೈದ್ಯರು. ಕಣ್ಣು ಪೂರ್ತಿ ಹೋಗುವ ಮೊದಲೇ ಅವಳ ಬೆರಳಿಗೆ ಅಕ್ಷರ ಕಲಿಸುತ್ತೇನೆ ಎಂದು ಗಂಡ ಹಟ ತೊಟ್ಟ. ಬಿಡಿಭಾಗಗಳನ್ನು ತರಿಸಿ ಮನೆಯಲ್ಲೇ ಒಂದು ಸಣ್ಣ ಸಿಎನ್‌ಸಿ ಯಂತ್ರ ಜೋಡಿಸಿದ. ಕಂಪ್ಯೂಟರಿನಲ್ಲಿ ಬರೆದ ಅಕ್ಷರವನ್ನು ಅದರ ಬಿಟ್, ಅಂದರೆ ತಿರುಗುವ ಉಳಿ, ಮರದ ಹಲಗೆಯಲ್ಲಿ ಕೊರೆಯುತ್ತದೆ.

ಹಲಗೆ ಕೂರಿಸಲು ಕೆಳಗೊಂದು ಮಣೆ ಬೇಕು. ಬಿಟ್ ತಗುಲಿ ಗಾಯವಾದರೆ ಆಗಲಿ ಎಂದು ಎಲ್ಲರೂ ಅದಕ್ಕೆ ಅಗ್ಗದ ಮರ ಹಾಕುತ್ತಾರೆ. ನಮ್ಮವನು ತೇಗದ ಮಣೆ ಮಾಡಿ, ಮೆರುಗು ಕೊಟ್ಟು, ಆಯುಧಪೂಜೆಯಲ್ಲಿ ಅದಕ್ಕೆ ಕುಂಕುಮ ಹಚ್ಚಿದ. ಅದರ ಮೇಲೆ ಯಾರೂ ಒಂದು ಚಹಾ ಲೋಟ ಕೂಡ ಇಡುವಂತಿರಲಿಲ್ಲ.

ಕೊರೆಯುವ ಮೊದಲು ಬಿಟ್ಟಿನ ಎತ್ತರ ಗೊತ್ತುಮಾಡಬೇಕು. ಅವನು ಹಲಗೆಯ ಎಡ ಮೂಲೆಯಲ್ಲಿ ಕಾಗದದ ಚೂರು ಇಟ್ಟು, ಬಿಟ್ ಅದನ್ನು ಮೆಲ್ಲಗೆ ಹಿಡಿಯುವವರೆಗೆ ಇಳಿಸಿ, ಅದೇ ಸೊನ್ನೆ ಎಂದು ಯಂತ್ರಕ್ಕೆ ತಿಳಿಸಿದ. ಎಡಗಡೆ ಅಕ್ಷರ ಚೆಂದವಾಗಿ ಮೂಡಿತು. ಬಲಗಡೆ ಬಿಟ್ ಮರವನ್ನು ಮುಟ್ಟಲೇ ಇಲ್ಲ. ಬಲ ಮೂಲೆಯಲ್ಲಿ ಎತ್ತರ ಹಿಡಿದ. ಬಲಗಡೆ ಸರಿಯಾಯಿತು, ಎಡಗಡೆ ಹಲಗೆಗೆ ತೂತು ಬಿತ್ತು. ಎತ್ತರ ತಿದ್ದಿದ, ಮತ್ತೆ ತಿದ್ದಿದ. ಹಲಗೆಗೆ ಬೈದ, ಹಲಗೆ ಕೊಟ್ಟ ಬಡಿಗನಿಗೆ ಬೈದ, ಹವೆಗೂ ಬೈದ. ಕೆಟ್ಟ ಹಲಗೆಗಳನ್ನೆಲ್ಲ ಬಚ್ಚಲ ಒಲೆಗೆಂದು ಒಟ್ಟಿದ. ಇತ್ತ ಹೆಂಡತಿಗೆ ಬಾಗಿಲಲ್ಲಿ ನಿಂತವರ ಮುಖ ಕಾಣದಾಯಿತು. ಅವನಿಗೆ ಭಯವಾಯಿತು.

ಹೆಂಡತಿ ಒಂದು ಹಲಗೆಯನ್ನು ಬೆರಳಿನಿಂದ ಸವರಿದಳು. ಎಡಗಡೆ ಓದಿದಳು. ಬಲಗಡೆ ಬೆರಳು ಸುಮ್ಮನೆ ಜಾರಿತು.

“ಹಲಗಿ ತಿರುಗಿಸಿ ಇಟ್ಟು ನೋಡ್ರಿ” ಎಂದಳು. “ರೊಟ್ಟಿ ಒಂದ ಅಂಚಿಗೆ ಕರ್ರಗಾದ್ರ ನಾ ಅದನ್ನ ಅತ್ತಾಗಿಂದ ಇತ್ತಾಗ ತಿರುಗಸ್ತೀನಿ. ಆಮ್ಯಾಲೂ ಅದೇ ಮಗ್ಗಲಕ ಕರ್ರಗಾತಂದ್ರ ರೊಟ್ಟಿಗೆ ಬೈಯೂದಿಲ್ಲ, ಹಂಚು ನೋಡ್ತೀನಿ.”

ಅವನು ಹಲಗೆಯ ಎಡತುದಿಯನ್ನು ಬಲಕ್ಕೆ ತಿರುಗಿಸಿ ಕೂರಿಸಿದ. ಆಗಲೂ ಬಲಗಡೆಯೇ ಖಾಲಿ ಉಳಿಯಿತು. ತಪ್ಪು ಹಲಗೆಯದಲ್ಲ.

“ನನ್ನ ಮಣಿ ಸರಿ ಐತಿ. ರಸಮಟ್ಟ ಇಟ್ಟು ನೋಡೇನಿ, ಗುಳ್ಳಿ ನಟ್ಟನಡುವ ನಿಂತೈತಿ” ಎಂದು ಅವನು ವಾದಿಸಿದ. ಮಣೆ ನೆಲಕ್ಕೆ ಸಮವಾಗಿತ್ತು, ನಿಜ. ಬಿಟ್ ಓಡಾಡುವ ದಾರಿಗೆ ಸಮವಾಗಿರಲಿಲ್ಲ. ನೆಲವೇನು ಅಕ್ಷರ ಕೊರೆಯುತ್ತದೆಯೇ?

ಇದಕ್ಕೆ ಉಪಾಯ ಒಂದೇ. ಆ ಬಿಟ್ಟಿನಿಂದಲೇ ಮಣೆಯನ್ನು ಮೇಲಿಂದ ಹೆರೆಸಬೇಕು. ಅದು ಅವನಿಗೂ ಗೊತ್ತಿತ್ತು. ಮೆರುಗಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತ. ಹೆಂಡತಿ ಇನ್ನೂ ಹಲಗೆಯ ಖಾಲಿ ತುದಿಯನ್ನು ಸವರುತ್ತಿದ್ದಳು. ಅವನು ಎದ್ದು ಯಂತ್ರ ಶುರುಮಾಡಿದ.

ಎಡಗಡೆ ಮರದ ಪುಡಿ ಹಾರಿತು, ಬಲಗಡೆ ಬಿಟ್ ಗಾಳಿಯಲ್ಲಿ ತಿರುಗಿತು. ಬಿಟ್ಟನ್ನು ಕೂದಲೆಳೆಯಷ್ಟು ಇಳಿಸಿ ಮತ್ತೆ ಹೆರೆಸಿದ. ಕುಂಕುಮ ಹೋಯಿತು, ಮೆರುಗು ಹೋಯಿತು. ಕೊನೆಗೆ ಮಣೆಯ ಉದ್ದಗಲಕ್ಕೂ ಒಂದೇ ಸಮ ಪುಡಿ ಎದ್ದಿತು. ಅದರ ಮೇಲೆ ಕೊರೆದ ಹಲಗೆಯನ್ನು ಹೆಂಡತಿ ಕಣ್ಣು ಮುಚ್ಚಿಕೊಂಡು ಆ ತುದಿಯಿಂದ ಈ ತುದಿಯವರೆಗೆ ಓದಿದಳು. ಅವನು ಸಂತೋಷದಿಂದ ಅತ್ತುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ನಿರ್ವಾಣಪ್ಪ ತಲೆ ತಗ್ಗಿಸಿ ಕೂತಿದ್ದ. ಹಾಗೆಯೇ ಕೇಳಿದ, “ಒಲೆಗೆಂದು ಒಟ್ಟಿದ್ದ ಹಲಗೆಗಳು ಏನಾದವು?”

“ತೂತು ಬಿದ್ದಂಥವು ಒಂದೆರಡು ಒಲೆಗೆ ಹೋದವು. ಉಳಿದವನ್ನು ಮಗುಚಿ ಹಾಕಿ ಹಿಂಬದಿಯಲ್ಲಿ ಕೊರೆದ. ಒಂದೂ ಕೆಡಲಿಲ್ಲ. ಆಕೆ ಈಗ ಓದುವುದು ಅವನ್ನೇ.”

ನಿರ್ವಾಣಪ್ಪ ನಮಸ್ಕರಿಸಿ ಹೊರಡಲು ಎದ್ದ.

“ಅಪ್ಪಣೆ ಕೇಳಿದೆಯಲ್ಲ, ಕೊಟ್ಟಿದ್ದೇನೆ: ನಾಳೆ ಹಿಂದಿನ ಸಾಲಿನವರನ್ನು ಮುಂದೆ ಕೂರಿಸಿ ಪಾಠ ಮಾಡು. ಆಗಲೂ ಹಿಂದೆ ಕೂತವರಿಗೇ ತಲೆಗೆ ಹತ್ತದಿದ್ದರೆ, ಹೆರೆಯಬೇಕಾದ ಮಣೆ ಯಾವುದೆಂದು ನೋಡಿಕೋ.”